ಉಪ್ಪಿನ ಡಬ್ಬಿಯ ಕೆಳಗಿನ ಊರು

“ಅಪ್ಪ, ಆ ಉಪ್ಪಿನ ಡಬ್ಬಿ ತೆಗಿ. ಮ್ಯಾಪ್ ಸರಿಯಾಗಿ ಕಾಣಿಸ್ತಿಲ್ಲ,” ಎಂದಳು ಲುಚಿಲ್ಲಾ.

“ಕಾಣಿಸಬೇಕಾದ್ದೆಲ್ಲ ಕಾಣಿಸ್ತಿದೆ,” ಎಂದ ಅಪ್ಪ, ಡಬ್ಬಿಯನ್ನು ಇನ್ನಷ್ಟು ಒತ್ತಿ ಕೂರಿಸುತ್ತ.

ಅಡುಗೆಮನೆಯ ಮೇಜಿನ ತುಂಬ ಉತ್ತರ ಇಟಲಿ ಹರಡಿಕೊಂಡಿತ್ತು. ಮೇಲೆ ಬೆಟ್ಟಗಳು, ನಡುವೆ ಸರೋವರಗಳು, ಕೆಳಗೆ ಊರುಗಳು. ಮ್ಯಾಪ್ ಸುರುಳಿ ಸುತ್ತಿಕೊಳ್ಳದಿರಲಿ ಎಂದು ಒಂದು ಮೂಲೆಗೆ ಸಕ್ಕರೆ ಡಬ್ಬಿ, ಇನ್ನೊಂದಕ್ಕೆ ಕಾಫಿ ಪಾತ್ರೆ ಇಟ್ಟಿದ್ದರು. ಉಪ್ಪಿನ ಡಬ್ಬಿ ಮಾತ್ರ ಮೂಲೆಯಲ್ಲಿರಲಿಲ್ಲ. ಅವರ ಊರು ಬೆರ್ಗಮೊದಿಂದ ಒಂದೆರಡು ಬೆರಳು ಬಲಕ್ಕೆ, ಸರಿಯಾಗಿ ಬ್ರೆಶಾ ಊರಿನ ತಲೆಯ ಮೇಲೆ ಕೂತಿತ್ತು.

ಬೆರ್ಗಮೊದವರಿಗೂ ಬ್ರೆಶಾದವರಿಗೂ ಆಗಿಬರುವುದಿಲ್ಲ. ಯಾಕೆ ಎಂದು ಮಾತ್ರ ಕೇಳಬೇಡಿ. ಕೇಳಿದರೆ ಒಬ್ಬರು ಹಳೇ ಯುದ್ಧ ಅನ್ನುತ್ತಾರೆ, ಒಬ್ಬರು ಫುಟ್‌ಬಾಲ್ ಅನ್ನುತ್ತಾರೆ, ಇನ್ನೊಬ್ಬರು ಚರ್ಚಿನ ಗಂಟೆ ಅನ್ನುತ್ತಾರೆ. ಪಕ್ಕದ ಊರು ಅಲ್ವಾ, ಅದಕ್ಕೇ ಎಂದು ಮಾತ್ರ ಯಾರೂ ಒಪ್ಪಿಕೊಳ್ಳುವುದಿಲ್ಲ. ಈ ವಿಷಯದಲ್ಲಿ ಲುಚಿಲ್ಲಾಳ ಅಪ್ಪ ಎರ್ಮಾನ್ನೊ ದೊಡ್ಡ ಪಂಡಿತ. ಅವನದು ಕ್ಷೌರದ ಅಂಗಡಿ. ಗಿರಾಕಿಯ ಕುತ್ತಿಗೆಗೆ ಬಟ್ಟೆ ಕಟ್ಟಿದ ಮೇಲೆ ಅವನು ಏನು ಹೇಳಿದರೂ ಕೇಳಲೇಬೇಕು. ಕತ್ತಿ ಅವನ ಕೈಯಲ್ಲಿರುತ್ತದೆ.

“ಈಗ ಪ್ಲಾನ್ ಕೇಳಿ,” ಎಂದು ಅಪ್ಪ ಪೆನ್ಸಿಲ್ ಎತ್ತಿಕೊಂಡ. “ಶನಿವಾರ ಬೆಳಿಗ್ಗೆ ಹೊರಡೋದು. ಮೊದಲು ಕೊಮೊ ಸರೋವರ. ಅಲ್ಲಿಂದ ಮೇಲಕ್ಕೆ ಹೋಗಿ ಸ್ಟೆಲ್ವಿಯೊ ಘಾಟಿ ಹತ್ತೋದು. ಆಮೇಲೆ ಬೊಲ್ಜಾನೊ, ಟ್ರೆಂಟೊ. ಕೆಳಗಿಳಿದು ಗಾರ್ದಾ ಸರೋವರ. ವೆರೋನಾ, ವೆನಿಸ್. ಬರ್ತಾ ಮಾಂತೋವಾ, ಕ್ರೆಮೋನಾ. ಮನೆ.”

ಪೆನ್ಸಿಲ್ ಗೆರೆ ಉಪ್ಪಿನ ಡಬ್ಬಿಗೆ ದೊಡ್ಡದೊಂದು ಪ್ರದಕ್ಷಿಣೆ ಹಾಕಿ ಬೆರ್ಗಮೊಗೆ ವಾಪಸ್ ಬಂತು.

ಅಮ್ಮ ದಾಲಿಯಾ ಕಪ್ ಕೆಳಗಿಟ್ಟಳು. ಅವಳು ಫೆರಾರಾದವಳು. ಅವಳ ಕಣ್ಣಿಗೆ ಬೆರ್ಗಮೊ, ಬ್ರೆಶಾ ಎರಡೂ ಒಂದೇ. ಎರಡು ಕಡೆಯೂ ಪೊಲೆಂಟಾ ಎಂಬ ಮೆಕ್ಕೆಜೋಳದ ಮುದ್ದೆ ಜಾಸ್ತಿ, ಗಂಟಲು ಜೋರು.

“ಗಾರ್ದಾಗೆ ಹೈವೇಲಿ ಹೋದ್ರೆ ಒಂದು ಗಂಟೆ. ನಿನ್ನ ದಾರೀಲಿ ಎರಡು ದಿನ,” ಎಂದಳು.

“ಹೈವೇ ಯಾವ ಊರಿನ ಮೇಲೆ ಹೋಗುತ್ತೆ ಅಂತ ನಿಂಗೊತ್ತು.”

“ಸ್ಟೆಲ್ವಿಯೊದಲ್ಲಿ ಎಂಥಾ ತಿರುವುಗಳಿವೆ ಅಂತ ನಿಂಗೂ ಗೊತ್ತು. ಮೂರನೇ ತಿರುವಿಗೇ ಪ್ಲಾಸ್ಟಿಕ್ ಕವರ್ ಕೇಳೋನು ನೀನು.”

“ವಾಂತಿ ಆದ್ರೆ ಆಗ್ಲಿ. ಮರ್ಯಾದೆ ಉಳಿಯುತ್ತಲ್ಲ!”

ಒಲೆಯ ಪಕ್ಕ ಹುರುಳಿಕಾಯಿ ಬಿಡಿಸುತ್ತಿದ್ದ ಅಜ್ಜಿ ಪಾಲ್ಮಿರಾ ತಲೆ ಎತ್ತಿದಳು. ಅವಳು ಅಪ್ಪನ ಅಮ್ಮ. “ಗಾರ್ದಾದ ಒಂದು ದಡ ಅವರದ್ದೇ ಅಲ್ವೇನೊ?”

“ನಾವು ಈಚೆ ದಡದಲ್ಲಿ ಇರ್ತೀವಮ್ಮ.”

“ಆಚೆ ದಡ ಕಣ್ಣಿಗೆ ಬೀಳುತ್ತೆ.”

“ಕುರ್ಚಿ ಆ ಕಡೆ ಬೆನ್ನು ಮಾಡಿ ಹಾಕ್ಕೊಂಡ್ರಾಯ್ತು.”

“ಮತ್ತೆ ನೀರು? ಆ ಕಡೆ ನೀರು ಈ ಕಡೆಗೂ ಬಂದಿರುತ್ತೆ.”

ಅಪ್ಪ ನಿಜಕ್ಕೂ ಯೋಚನೆಗೆ ಬಿದ್ದ. “ಹಾಗಾದ್ರೆ ಈಜೋದು ಬೇಡ,” ಎಂದ.

ಬೇರೆ ದಿನವಾಗಿದ್ದರೆ ಲುಚಿಲ್ಲಾ ಬಿದ್ದು ಬಿದ್ದು ನಗುತ್ತಿದ್ದಳು. ಇವತ್ತು ನಗು ಬರಲಿಲ್ಲ. ಒಂದನೇ ಕ್ಲಾಸಿನಿಂದ ಅವಳ ಪಕ್ಕದಲ್ಲೇ ಕೂರುತ್ತಿದ್ದ ನೊಯೇಮಿ ಈಸ್ಟರ್ ರಜೆಯಲ್ಲಿ ಊರು ಬಿಟ್ಟು ಹೋಗಿದ್ದಳು. ಅವಳ ಅಮ್ಮನಿಗೆ ಹೊಸ ಕೆಲಸ ಸಿಕ್ಕಿದ್ದು ಬೇರೆ ಎಲ್ಲೂ ಅಲ್ಲ, ಬ್ರೆಶಾದಲ್ಲಿ. “ಟ್ರಿಪ್ ಹೋಗ್ತೀವಲ್ಲ, ಆಗ ನಿಮ್ಮನೆಗೆ ಊಟಕ್ಕೆ ಬರ್ತೀನಿ, ಪ್ರಾಮಿಸ್!” ಎಂದು ಲುಚಿಲ್ಲಾ ಮಾತು ಕೊಟ್ಟಿದ್ದಳು. ಮನೆಯಲ್ಲಿ ಕೇಳದೆ ಕೊಟ್ಟ ಮಾತು.

“ಅಪ್ಪ,” ಎಂದಳು ಮೆಲ್ಲಗೆ. “ಒಂದೇ ಒಂದು ಮಧ್ಯಾಹ್ನ ನೊಯೇಮಿ ಮನೆಗೆ ಹೋಗೋಣ. ಬರ್ತೀನಿ ಅಂತ ಹೇಳಿಬಿಟ್ಟಿದೀನಿ.”

ಅಪ್ಪನ ಪೆನ್ಸಿಲ್ ನಿಂತಿತು. “ಬ್ರೆಶಾಗಾ? ಪಾಪ, ಒಳ್ಳೇ ಹುಡುಗಿ ಅದು. ಅವಳನ್ನೇ ಇಲ್ಲಿಗೆ ಕರಿ. ನಾಲ್ಕು ದಿನ ಇದ್ದು ಸುಧಾರಿಸಿಕೊಂಡು ಹೋಗ್ಲಿ.”

“ನೀನು ಯಾವತ್ತಾದ್ರೂ ಬ್ರೆಶಾ ನೋಡಿದೀಯಾ?”

“ಬೆಂಕಿ ಸುಡುತ್ತೆ ಅಂತ ತಿಳ್ಕೊಳ್ಳೋಕೆ ಕೈ ಇಟ್ಟೇ ನೋಡ್ಬೇಕಾ? ಅಂಗಡಿಗೆ ಬರ್ತಾರಲ್ಲ ಒಬ್ಬಿಬ್ಬರು! ಬ್ರೆಶಾದವನು ಕುರ್ಚಿಯಿಂದ ಎದ್ದು ಹೋದ್ರೆ ಮೊದಲು ಕಿಟಕಿ ತೆಗೀಬೇಕು.”

ಅಜ್ಜಿ ಕಿಸಕ್ಕನೆ ನಕ್ಕಳು. ಈ ಜೋಕಿಗೆ ಅವಳು ಪ್ರತಿ ಭಾನುವಾರವೂ ಹೊಸದಾಗಿ ನಗುತ್ತಾಳೆ.

ಅಮ್ಮ ನಗಲಿಲ್ಲ. ಮಗಳ ಮುಖ ನೋಡಿದಳು. “ಗುರುವಾರ ನಂಗೆ ರಜೆ ಇದೆ. ನಾನೂ ಲುಚಿಲ್ಲಾನೂ ಟ್ರೇನಲ್ಲಿ ಹೋಗಿ ಸಂಜೆ ಬಂದುಬಿಡ್ತೀವಿ. ಶನಿವಾರದಿಂದ ನಿನ್ನ ಪ್ರದಕ್ಷಿಣೆ ಶುರು ಮಾಡು.”

“ಟ್ರೇನಲ್ಲಾ?” ಅಪ್ಪನ ಧ್ವನಿ ಏರಿತು. “ಟಿಕೆಟ್ ಕೌಂಟರಲ್ಲಿ ಕೂರೋನು ನನ್ನ ಗಿರಾಕಿ! ಎರ್ಮಾನ್ನೊ ಹೆಂಡ್ತಿ ಬ್ರೆಶಾಗೆ ಟಿಕೆಟ್ ತಗೊಂಡ್ಲು ಅಂತ ಊರೆಲ್ಲ ಆಡ್ಕೊಂಡು ನಗ್ತಾರೆ.”

“ಫೋನಲ್ಲೇ ತಗೋತೀನಿ,” ಎಂದಳು ಅಮ್ಮ. ಅಲ್ಲಿಗೆ ಮಾತು ಮುಗಿಯಿತು.

ಲುಚಿಲ್ಲಾ ಕುರ್ಚಿಯಿಂದ ಹಾರಿದಳು. ಅಲ್ಲೇ, ಮೇಜಿನ ಪಕ್ಕದಲ್ಲೇ ನಿಂತು ವಿಡಿಯೋ ಕಾಲ್ ಮಾಡಿದಳು.

ನೊಯೇಮಿ ಚರ್ಚಿನ ಆಟದ ಮೈದಾನದಲ್ಲಿದ್ದಳು. ಅವಳ ಎರಡು ಬದಿಯಿಂದ ಇಬ್ಬರು ಹುಡುಗಿಯರು ಫೋನಿನೊಳಗೆ ಮುಖ ತೂರಿಸಿದರು.

“ನೊಯೇಮಿ! ಗುರುವಾರ ಬರ್ತೀವಿ ಕಣೆ! ಊಟಕ್ಕೆ!”

ನೊಯೇಮಿಯ ಮುಖ ಅರಳಿತು. ಅಷ್ಟರಲ್ಲಿ ಒಬ್ಬಳು, “ಬೆರ್ಗಮೊದವಳಾ?” ಎಂದು ಮೂಗು ಮುರಿದಳು. ನೊಯೇಮಿ ಆಚೆ ಈಚೆ ನೋಡಿದಳು. ಆಮೇಲೆ ಅವಳ ಧ್ವನಿಯೇ ಬೇರೆಯಾಯಿತು.

“ಬಾ ಬಾ. ನಿಜವಾದ ಕಸೊಂಚೆಲ್ಲಿ ಕಡುಬು ಹೇಗಿರುತ್ತೆ ಅಂತ ತೋರಿಸ್ತೀವಿ. ನಿಮ್ಮ ಕಡೆ ಅದರ ಹೂರಣಕ್ಕೆ ಒಣದ್ರಾಕ್ಷಿ ಹಾಕ್ತೀರಲ್ಲ, ಅದು ಊಟಾನೋ ಕೇಕೋ ಗೊತ್ತೇ ಆಗಲ್ಲ!”

ಹುಡುಗಿಯರಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಲುಚಿಲ್ಲಾಳ ಕಿವಿ ಬಿಸಿಯಾಯಿತು. ಅದೇ ದ್ರಾಕ್ಷಿಯ ಕಸೊಂಚೆಲ್ಲಿಯನ್ನು ಇದೇ ಮೇಜಿನಲ್ಲಿ ತಿಂದು ತಟ್ಟೆ ನೆಕ್ಕಿದವಳು ನೊಯೇಮಿಯೇ ಅಲ್ಲವೇ? ಹುರುಳಿಕಾಯಿ ಬಿಡಿಸುತ್ತಿದ್ದ ಅಜ್ಜಿಯ ಕೈ ನಿಂತಿತ್ತು. ಅಪ್ಪ ಮಗಳನ್ನೇ ನೋಡುತ್ತಿದ್ದ. ಲುಚಿಲ್ಲಾ ಮಾತು ಹುಡುಕಬೇಕಾಗಿರಲಿಲ್ಲ. ಅದು ಬಾಯಿಯಲ್ಲಿ ಸಿದ್ಧವಾಗಿತ್ತು.

“ಬ್ರೆಶಾದವರು ಎದ್ದು ಹೋದ್ರೆ ಕಿಟಕಿ ತೆಗೀಬೇಕಂತೆ. ನೀನು ಹೋದಾಗಿಂದ ನಮ್ಮ ಕ್ಲಾಸಿನ ಕಿಟಕಿ ಹಾಕೇ ಇಲ್ಲ!”

ಆಚೆಯ ನಗು ನಿಂತಿತು. ನೊಯೇಮಿ ಕೆಳತುಟಿ ಕಚ್ಚಿಕೊಂಡಳು. ಕಾಲ್ ಕಟ್ ಆಯಿತು.

“ಶಭಾಷ್!” ಅಪ್ಪ ಮೇಜು ಗುದ್ದಿದ ಹೊಡೆತಕ್ಕೆ ಸಕ್ಕರೆ ಡಬ್ಬಿ ಕುಣಿಯಿತು. “ಕೇಳಿದ್ಯಾ ಅಮ್ಮ? ನನ್ನ ಮಗಳು ಅಂದ್ರೆ ನನ್ನ ಮಗಳೇ! ನಾಳೆ ಅಂಗಡೀಲಿ ಎಲ್ರಿಗೂ ಹೇಳ್ತೀನಿ.” ಎದ್ದು ಹೋಗಿ ಫ್ರಿಜ್‌ನಿಂದ ಐಸ್‌ಕ್ರೀಮ್ ತೆಗೆದ. ಮನೆಯಲ್ಲಿದ್ದ ಅತಿ ದೊಡ್ಡ ಬಟ್ಟಲಿಗೆ ಗುಡ್ಡೆಯಾಗಿ ಹಾಕಿದ.

ಅಜ್ಜಿ ಏಪ್ರನ್ನಿನಿಂದ ಕಣ್ಣೊರೆಸಿಕೊಂಡಳು. “ಇವನೂ ಹೀಗೇ ಕಣೆ. ನಿನ್ನಷ್ಟೇ ಇದ್ದ. ಬೇಸಿಗೆ ಶಿಬಿರದಲ್ಲಿ ಬ್ರೆಶಾದ ಹುಡುಗನೊಬ್ಬ ಇವನ ಜೊತೆಗಾರ ಆಗಿದ್ದ. ಹಗಲೂ ರಾತ್ರಿ ಇಬ್ಬರೂ ಒಟ್ಟಿಗೇ. ಕರ್ಕೊಂಡು ಬರೋಕೆ ನಾವು ಹೋದ್ವಿ ನೋಡು, ನಮ್ಮೆಲ್ಲರ ಮುಂದೆ ಈ ಕಿಟಕಿ ಮಾತನ್ನ ಆ ಹುಡುಗನ ಮುಖಕ್ಕೇ ಹೇಳಿಬಿಟ್ಟ! ನಿಮ್ಮಜ್ಜನ ಖುಷಿ ಏನು ಕೇಳ್ತೀಯ. ದಾರೀಲಿ ಐಸ್‌ಕ್ರೀಮ್ ಅಂಗಡಿಗೇ ಕರ್ಕೊಂಡು ಹೋದ್ರು.”

“ಆ ಹುಡುಗನ ಹೆಸರೇನಪ್ಪ?” ಎಂದು ಕೇಳಿದಳು ಲುಚಿಲ್ಲಾ.

“ಇವಾನೊ,” ಎಂದ ಅಪ್ಪ. ನೆನಪು ಮಾಡಿಕೊಳ್ಳಲು ಅವನಿಗೆ ಒಂದು ಕ್ಷಣವೂ ಹಿಡಿಯಲಿಲ್ಲ. “ಚೆನ್ನಾಗಿ ಈಜ್ತಿದ್ದ.” ಕೈಯಲ್ಲಿದ್ದ ಚಮಚವನ್ನು ಸುಮ್ಮನೆ ನೋಡಿದ. “ತಿನ್ನು, ಕರಗುತ್ತೆ.”

ಲುಚಿಲ್ಲಾ ಒಂದು ಚಮಚ ತೆಗೆದುಕೊಂಡಳು. ಅವಳಿಗೆ ಇಷ್ಟವಾದ ಹೇಝಲ್‌ನಟ್ ಐಸ್‌ಕ್ರೀಮೇ. ಅದನ್ನು ಬಾಯಿಗಿಡುವ ಮೊದಲು ಅಪ್ಪನನ್ನು ನೋಡಿದಳು. ಅಜ್ಜನ ಜೊತೆ ಅವತ್ತು ತಿಂದ ಆ ಐಸ್‌ಕ್ರೀಮ್ ಅಪ್ಪನಿಗೆ ಇನ್ನೂ ಮುಗಿದೇ ಇಲ್ಲ ಎನ್ನಿಸಿತು. ಅವಳಿಗೆ ಅಪ್ಪನ ಮೇಲೆ ಸಿಟ್ಟು ಬಂತು, ಅಯ್ಯೋ ಎಂದೂ ಅನ್ನಿಸಿತು.

“ನೀನೇ ತಿನ್ನಪ್ಪ,” ಎಂದು ಬಟ್ಟಲನ್ನು ಅವನ ಮುಂದೆ ತಳ್ಳಿ, ಫೋನ್ ತೆಗೆದುಕೊಂಡು ಬಾಲ್ಕನಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ಫೋನ್ ತುಂಬ ಹೊತ್ತು ರಿಂಗ್ ಆಯಿತು.

“ಹಲೋ,” ನೊಯೇಮಿಯ ಮೂಗು ಕಟ್ಟಿತ್ತು.

“ನಾನು ಕಣೆ.”

“ಗೊತ್ತು.”

ಕೆಳಗೆ ರಸ್ತೆಯಲ್ಲಿ ಒಂದು ಸ್ಕೂಟರ್ ಹೋಯಿತು.

“ಆಗ ನನ್ನ ಪಕ್ಕ ಅವರಿದ್ರು,” ಎಂದಳು ನೊಯೇಮಿ.

“ನನ್ನ ಪಕ್ಕ ನಮ್ಮಪ್ಪ ಇದ್ದ.”

“ಈಗ?”

“ಈಗ ಯಾರೂ ಇಲ್ಲ.”

“ನಂಗೆ ನಿಮ್ಮಜ್ಜಿ ಮಾಡೋ ಕಸೊಂಚೆಲ್ಲಿನೇ ಇಷ್ಟ,” ನೊಯೇಮಿ ಪಿಸುಗುಟ್ಟಿದಳು. “ಸ್ವಲ್ಪ ತಗೊಂಡು ಬಾರೆ. ಯಾರೂ ಇಲ್ದೇ ಇದ್ದಾಗ ತಿಂತೀನಿ.”

ಲುಚಿಲ್ಲಾ ‘ಹೂಂ’ ಎನ್ನಲು ಹೊರಟವಳು ತಡೆದುಕೊಂಡಳು. ಬಾಗಿಲಿನ ಗಾಜಿನಾಚೆ ಅಪ್ಪ ಬಟ್ಟಲಿನ ಮುಂದೆ ಸುಮ್ಮನೆ ಕೂತಿದ್ದ. ಅವಳು ಬಾಲ್ಕನಿಯ ಬಾಗಿಲನ್ನು ಅಗಲವಾಗಿ ತೆರೆದಳು. ಅಡುಗೆಮನೆಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದಳು:

“ಗುರುವಾರ ಬ್ರೆಶಾಗೆ ಬರ್ತಿದೀನಿ ಕಣೆ. ಅಜ್ಜಿ ಮಾಡೋ ಕಸೊಂಚೆಲ್ಲಿನೂ ತರ್ತೀನಿ, ನಿಮ್ಮದೂ ಮಾಡಿಡಿ. ಎಲ್ರ ಮುಂದೇನೇ ಕೂತ್ಕೊಂಡು ತಿನ್ನೋಣ.”