ಎಂಟು ನಿಮಿಷದ ಹಿಂದಿನ ಸೂರ್ಯ

ಹೇಳಿದರೆ ಆಯಿ ಅರ್ಧ ರೊಟ್ಟಿಗೇ ಎದ್ದುಬಿಡುತ್ತಾಳೆ. ಹೇಳದಿದ್ದರೆ ಅವಳ ನೇಮ ಮುರಿಯುತ್ತದೆ. ಯಾವುದು ಸರಿ?

ಸಿದ್ಧಾಂತ ಬಾಗಿಲಲ್ಲೇ ನಿಂತ. ತೇರದಾಳದ ಅಂಚಿನ ಕಬ್ಬಿನ ಹೊಲದ ಮೇಲೆ ಸೂರ್ಯ ಇನ್ನೂ ಕೆಂಪಗೆ ಕಾಣುತ್ತಿದ್ದ. ಒಳಗೆ ಅವನ ಅಜ್ಜಿ ಮಹಾದೇವಿ, ಮನೆಯವರಿಗೆಲ್ಲ ಆಯಿ, ತಾಟಿನ ಮುಂದೆ ಕೂತು ರೊಟ್ಟಿ ಮುರಿಯುತ್ತಿದ್ದಳು. ಹೊತ್ತು ಮುಳುಗಿದ ಮೇಲೆ ಅವಳು ಏನನ್ನೂ ತಿನ್ನುವುದಿಲ್ಲ, ನೀರೂ ಕುಡಿಯುವುದಿಲ್ಲ. ಹೋದ ಮಳೆಗಾಲದಲ್ಲಿ ಒಮ್ಮೆ ಮೋಡ ಕವಿದು, ಹೊತ್ತು ಇದೆಯೋ ಇಲ್ಲವೋ ತಿಳಿಯದಾಗಿತ್ತು. ಆಯಿ ಕೈಯಲ್ಲಿದ್ದ ತುತ್ತನ್ನು ತಾಟಿಗೇ ಇಟ್ಟು ಎದ್ದಿದ್ದಳು.

ಇವತ್ತು ಸಾಲೆಯಲ್ಲಿ ಅಂಜನಾ ಟೀಚರ್ ಹೇಳಿದ್ದರು: "ಬೆಳಕಿನಷ್ಟ ಜೋರ ಓಡೂದು ಯಾವುದೂ ಇಲ್ಲ. ಆದ್ರೂ ಸೂರ್ಯನಿಂದ ಇಲ್ಲಿಗಿ ಬರಾಕ ಅದಕ್ಕ ಎಂಟ ನಿಮಿಷಕ್ಕಿಂತ ಜಾಸ್ತಿ ಬೇಕು. ನಾವು ನೋಡೂದು ಎಂಟ ನಿಮಿಷದ ಹಿಂದಿನ ಸೂರ್ಯನ್ನ."

ಹಾಗಾದರೆ ಕಬ್ಬಿನ ಮೇಲೆ ಕಾಣುವ ಸೂರ್ಯ ಆಗಲೇ ಮುಳುಗಿರಬೇಕು. ಆಯಿ ಬೇಗ ಉಣ್ಣದೆ ಕಾದದ್ದು ತನಗಾಗಿ. ತಾನು ಕ್ರಿಕೆಟ್ ಬಿಟ್ಟು ಹೊತ್ತಿಗೆ ಸರಿಯಾಗಿ ಬಂದಿರಲಿಲ್ಲ.

"ಯಾಕೋ, ಕಂಬದಂಗ ನಿಂತಿ? ಕೈಕಾಲ ತೊಳಕೊಂಡ ಬಾ, ಹೊತ್ತ ಮುಳಗತೈತಿ."

"ನೀ ಮೊದಲ ಉಣಬೇಕಿತ್ತ ಆಯಿ."

"ಒಬ್ಬಾಕಿನ ಕುಂತ ಉಂಡ್ರ ಗಂಟಲದಾಗ ಇಳಿಯಂಗಿಲ್ಲ ನನಗ. ನಿಂದರ ಸಿಕ್ಸರ್ ಹೊಡಿಯೂದ ಮುಗೀಬೇಕಲ್ಲ!"

ಸಿದ್ಧಾಂತ ಕೂತ. ಹೆಸರುಕಾಳಿನ ಪಲ್ಯ ಅವನಿಗಿಷ್ಟ. ಆದರೂ ಇವತ್ತು ಇಳಿಯಲಿಲ್ಲ. ಆಯಿ ಪೂರ್ತಿ ರೊಟ್ಟಿ ಉಂಡು, ನೀರು ಕುಡಿದು ಎದ್ದಳು. ಅವನು ಬಾಗಿಲಾಚೆ ನೋಡಿದ, ಸೂರ್ಯ ಇನ್ನೂ ಕಬ್ಬಿನ ಮೇಲೇ ಕಾಣುತ್ತಿದ್ದ.

ಮರುದಿನ ಕ್ಲಾಸಿನಲ್ಲಿ ಅವನು ಎದ್ದು ನಿಂತ.

"ಟೀಚರ್ರೀ, ಸೂರ್ಯ ಮುಳುಗಿ ಎಂಟ ನಿಮಿಷ ಆದಮ್ಯಾಲೆ ನಮಗ ಗೊತ್ತಾಗತೈತೇನ್ರೀ?"

"ಲೇ, ಇವನಂಗ ಸೂರ್ಯಾನೂ ಲೇಟ್!" ಹಿಂದಿನ ಬೆಂಚಿನಿಂದ ಕುಣಾಲ ನಕ್ಕ.

ಟೀಚರ್ ನಗಲಿಲ್ಲ. ಸಿದ್ಧಾಂತನನ್ನು ಕಿಟಕಿಯ ಎದುರು ನಿಲ್ಲಿಸಿದರು.

"ಈಗ ನಿಂತಲ್ಲೇ ಮೆಲ್ಲಕ ತಿರುಗು. ಕಿಡಕಿ ಕಾಣತೈತಿ?"

"ಇಲ್ರೀ."

"ಎಲ್ಲಿ ಹೋತು?"

"ಎಲ್ಲೂ ಹೋಗಿಲ್ರೀ. ನಾನ ತಿರಿಗೇನಿ."

"ಸೂರ್ಯಾನೂ ಎಲ್ಲೂ ಹೋಗಂಗಿಲ್ಲ. ತಿರಗೂದು ನಮ್ಮ ಭೂಮಿ. ಬೆಳಕು ಎಂಟ ನಿಮಿಷದ ಹಿಂದ ಹೊಂಟಿದ್ದು ಖರೆ, ಆದ್ರ ಅದು ಒಂದ ಸಮ ಬರಾಕತ್ತಿರತೈತಿ. ನಮ್ಮೂರು ಅದಕ್ಕ ಬೆನ್ನು ಹಾಕಿದಾಗ ಹೊತ್ತು ಮುಳಗತೈತಿ. ಎಂಟ ನಿಮಿಷ ಮೊದಲ ಅಲ್ಲ."

ಸಿದ್ಧಾಂತ ಬೆಂಚಿಗೆ ಮರಳಿದ. ನಿನ್ನೆ ಆಯಿ ಉಂಡು ಏಳುವಾಗ ಸೂರ್ಯ ಕಬ್ಬಿನ ಮೇಲೇ ಇದ್ದ. ಅವನು ಅದನ್ನು ಮತ್ತೆ ಮತ್ತೆ ನೆನೆದ.

ಸಂಜೆ ಮೈದಾನದಿಂದ ಕುಣಾಲ ಕೂಗಿದ, "ಬಾರಲೇ, ಮೊದಲ ನಿಂದ ಬ್ಯಾಟಿಂಗ್!"

ಸಿದ್ಧಾಂತ ನಾಳೆ ಎಂದು ಸನ್ನೆ ಮಾಡಿ ಮನೆಯ ಕಡೆ ನಡೆದ. ಸೂರ್ಯ ಇನ್ನೂ ಬಹಳ ಮೇಲಿದ್ದ.

"ಇವತ್ತ ಆಟ ಇಲ್ಲೇನೋ?" ಎರಡು ತಾಟು ಇಡುತ್ತ ಆಯಿ ಕೇಳಿದಳು.

"ಹಸಿವ್ಯಾಗೈತಿ."

ತನ್ನಿಂದ ಅವಳ ನೇಮ ಮುರಿಯಿತೆಂದು ಹಿಂದಿನ ರಾತ್ರಿ ನಿದ್ದೆಗೆಟ್ಟಿದ್ದನ್ನು ಅವನು ಆಯಿಗೆ ಯಾವತ್ತೂ ಹೇಳಲಿಲ್ಲ.