ಬಟ್ಟಲಲ್ಲಿ ಬಿಟ್ಟ ಮೊಟ್ಟೆ

ಬಾಗಿಲು ತೆರೆದ ಯಾವೆನ್ ಕೈಯಲ್ಲಿದ್ದ ಬೀಸಣಿಗೆ ನಿಂತೇಹೋಯಿತು.

"ನೀನಾ...?!"

ವುಹಾನ್‌ನ ಆ ಸುಡು ಮಧ್ಯಾಹ್ನ ಎ.ಸಿ. ರಿಪೇರಿಗೆ ಲಾಡ್ಜಿನವರು ಕಳಿಸಿದ್ದು ಬೋಲಿನ್‌ನನ್ನು! ಬೇರೆ ಯಾರೂ ಸಿಗಲಿಲ್ಲವೇ ಆ ಪುಣ್ಯಾತ್ಮರಿಗೆ?

ಬಿದಿರು ಚಾಪೆ ಮಾರಲು ಬೇಸಿಗೆಯಿಡೀ ಊರೂರು ಅಲೆಯುವವಳು ಅವಳು. ನಾನ್‌ಜಿಂಗ್ ಮುಗಿಸಿ ಬಂದಿದ್ದಳು, ನಾಳೆ ಚಾಂಗ್‌ಶಾ. ತಾನು ಪ್ರಾಣದಂತೆ ಪ್ರೀತಿಸಿದ್ದ ಈ ಮುಖ ಮತ್ತೆ ಕಾಣಬಾರದೆಂದೇ ಅವನು ಕೆಲಸಕ್ಕಿದ್ದ ಹಾಂಗ್‌ಝೌ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ಇವನು ಇಲ್ಲಿಗೆ ಯಾವಾಗ ಬಂದ?

ಅವನು ಏಣಿ ಹತ್ತಿದ. ಬೆನ್ನು ತಿರುಗಿಸಿಕೊಂಡೇ ಕೇಳಿದ.

"ಅಮ್ಮ ಹೇಗಿದ್ದಾರೆ?"

"ಹೋದ್ಲು. ಚಳಿಗಾಲದಲ್ಲಿ. ಮಗಳನ್ನ ಬೇಡ ಅಂದ್ಬಿಟ್ಟನಲ್ಲಾ ಅಂತ ಕೊನೇವರೆಗೂ ಕೊರಗಿದ್ಲು."

ಸ್ಕ್ರೂಡ್ರೈವರ್ ಕೆಳಗೆ ಬಿತ್ತು.

"ನಾನಾ? ಅವತ್ತು ನಿಮ್ಮನೆಯಿಂದ ಹೊರಟಾಗ ಬಸ್ ಸ್ಟ್ಯಾಂಡಲ್ಲಿ 'ಇನ್ಮೇಲೆ ಬರಬೇಡ' ಅಂದೋಳು ನೀನು ಕಣೇ! ಉತ್ತರದ ಒರಟ ಅಂತ ನಿಮ್ಮಮ್ಮಂಗೆ ನಾನು ಹಿಡಿಸಲಿಲ್ಲ ಅಂದ್ಕೊಂಡೆ."

"ಹಿಡಿಸದೇ ಅವತ್ತು ಸಕ್ಕರೆ ನೀರಲ್ಲಿ ಎರಡು ಮೊಟ್ಟೆ ಬೇಯಿಸಿ ಕೊಟ್ಲಾ? ನಮ್ಮೂರಲ್ಲಿ ಅಳಿಯ ಆಗೋನಿಗೇ ಅದು! ಎರಡೂ ತಿಂದ್ರೆ ಹುಡುಗಿ ಅವನಿಗೆ ಒಪ್ಪಿಗೆ ಅಂತ. ಒಂದು ಬಿಟ್ರೆ ಈ ಜೋಡಿ ಬೇಡ ಅಂತ. ನೀನು ಬಿಟ್ಟೆ!"

ಬೋಲಿನ್ ಏಣಿಯಿಂದ ಇಳಿದು ಅವಳ ಕಡೆ ತಿರುಗಿದ.

"ನಮ್ಮ ಕಡೆ ಬಟ್ಟಲು ಖಾಲಿ ಮಾಡಿದ್ರೆ ಹೊಟ್ಟೆ ತುಂಬಲಿಲ್ಲ ಅಂತ ಅರ್ಥ, ಮನೆಯವರಿಗೆ ಅವಮಾನ. ಹೊಟ್ಟೆಬಾಕನ ಥರ ಬಳಿದು ತಿನ್ಬೇಡ, ಮರ್ಯಾದೆಯಾಗಿ ಸ್ವಲ್ಪ ಬಿಡು ಅಂತ ಅಪ್ಪ ಫೋನಲ್ಲಿ ಹೇಳಿದ್ರು... ಅದನ್ನೂ ತಿನ್ನೋ ಆಸೆ ಇತ್ತು ಯಾವೆನ್. ಅಷ್ಟು ಚೆನ್ನಾಗಿತ್ತು."

ಮರ್ಯಾದೆಗೆಂದು ಬಿಟ್ಟ ಮೊಟ್ಟೆ! ಅಯ್ಯೋ...

ಅಂದು ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದ. ಕೇಳಲು ಬಿಟ್ಟಿತೇ ಅವಳ ಬಿಗುಮಾನ? ಅಮ್ಮನ ಕೊರಗಿಗೆಲ್ಲ ಇವನನ್ನೇ ಶಪಿಸಿದ್ದಳಲ್ಲ, ಈಗ ಯಾರನ್ನು ಶಪಿಸಬೇಕು? ಚಾಪೆಯ ಕಟ್ಟಿನ ಮೇಲೆ ಕುಳಿತು ಬಿಕ್ಕಿ ಬಿಕ್ಕಿ ಅತ್ತಳು.

ಎ.ಸಿ. ಸರಿಹೋಯಿತು. ತಣ್ಣನೆ ಗಾಳಿ ಬಂದರೂ ಇಬ್ಬರಿಗೂ ಅಲ್ಲಿ ಕೂರಲಾಗಲಿಲ್ಲ. ಬೀದಿ ಮೂಲೆಯ ಅಂಗಡಿಯಲ್ಲಿ ಅವಳೇ ಹೇಳಿ ಮಾಡಿಸಿದಳು: ಸಕ್ಕರೆ ನೀರು, ಎರಡು ಮೊಟ್ಟೆ.

"ಈ ಸೆಕೆಲಿ ಬಿಸಿಬಿಸಿ ಇದಾ? ತಲೆ ನೆಟ್ಟಗಿದೆಯೇನಮ್ಮಾ?" ಅಂಗಡಿಯಾಕೆ ನಕ್ಕಳು.

ಬೆವರು ಸುರಿಸುತ್ತ ಬೋಲಿನ್ ಎರಡನ್ನೂ ತಿಂದ. ಬಟ್ಟಲೆತ್ತಿ ನೀರನ್ನೂ ಕುಡಿದ. ಆಮೇಲೆ ಕಣ್ಣೊರೆಸಿಕೊಂಡ.

"ಅಮ್ಮನ ಕೈರುಚಿ ಇಲ್ಲ..."

"ಇನ್ನೆಲ್ಲಿ ಬರುತ್ತೆ ಅದು?"

"ತಡ ಆಯ್ತಾ, ಯಾವೆನ್?"

"ಅಮ್ಮಂಗೆ ಆಯ್ತು." ಖಾಲಿ ಬಟ್ಟಲನ್ನು ಅವಳು ತನ್ನತ್ತ ಎಳೆದುಕೊಂಡಳು. "ಚಾಂಗ್‌ಶಾ ಇರಲಿ ಬಿಡು. ನಾಳೆ ನಮ್ಮೂರಿಗೆ ಹೋಗೋಣ. ಅಮ್ಮನ ಸಮಾಧಿ ಮುಂದೆ ನೀನೇ ಹೇಳು."

"ಏನಂತ?"

"ಎರಡೂ ತಿಂದೆ ಅಂತ."