ಅಮ್ಮ ಕೂರುವ ಹಾಗೆ

"ಅಕ್ಕಾ, ಮೊಣಕಾಲು ಮತ್ತೆ ದುಂಡಗೆ ಆಗೋಯ್ತು," ಎಂದಳು ಉಮಾಶ್ರೀ.

ಬಿಂದುಶ್ರೀ ಅಕ್ಕ ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದಳು. ಕಂಪ್ಯೂಟರಿನ ಪರದೆಯ ಮೇಲೆ ಒಬ್ಬ ಹೆಂಗಸು ನೆಲದಲ್ಲಿ ಕೂತಿದ್ದಳು. ಅವಳ ಮೊಣಕಾಲು ಇರಬೇಕಾದ ಕಡೆ ಬೋಂಡಾದಂಥದ್ದು ಏನೋ ಇತ್ತು.

"ನೀನು ಎಳೀತಾ ಇದೀಯ ಕಣೇ. ಬರೀ ಕ್ಲಿಕ್ ಮಾಡಿ ಬಿಟ್ಬಿಡು, ಮೂಲೆ ಬರುತ್ತೆ. ಒತ್ತಿ ಹಿಡ್ಕೊಂಡು ಎಳೆದ್ರೆ ಗೆರೆ ಬಾಗುತ್ತೆ."

ಉಮಾ ಕ್ಲಿಕ್ ಮಾಡಿ ಬಿಟ್ಟಳು. ಇನ್ನೊಂದು ಕ್ಲಿಕ್. ಈ ಸಲ ಮೊಣಕಾಲು ಚೂಪಾಗಿ ಎದ್ದು ನಿಂತಿತು. ಬೆನ್ನಿಗೆ ಮಾತ್ರ ಒತ್ತಿ ಎಳೆದಳು. ಕ್ಲಿಕ್ ಮಾಡಿದಲ್ಲಿ ಮೂಡಿದ ಚುಕ್ಕೆಯ ಎರಡೂ ಕಡೆ ಮೀಸೆಯ ಹಾಗೆ ಗೆರೆಗಳು ಚಾಚಿಕೊಂಡವು. ಆ ಮೀಸೆಯನ್ನು ತಿರುಗಿಸಿದಂತೆಲ್ಲ ಬೆನ್ನು ಮೆಲ್ಲಗೆ ಬಾಗಿತು.

ಬೆಂಗಳೂರಿನ ಅತ್ತಿಗುಪ್ಪೆಯ ಆ ಕಟ್ಟಡ ಬಿಂದು ಅಕ್ಕನ ಮನೆಯವರದು. ಕೆಳಗಡೆ ಅವಳ ಪ್ರಿಂಟಿಂಗ್ ಅಂಗಡಿ. ಮದುವೆ ಕಾರ್ಡು, ಗಾಡಿಗೆ ಅಂಟಿಸುವ ಸ್ಟಿಕ್ಕರು, ಎಲ್ಲವನ್ನೂ ಅವಳೇ ಡಿಸೈನ್ ಮಾಡುತ್ತಿದ್ದಳು. ಮೇಲಿನ ಮಹಡಿಯ ಒಂದು ಕೋಣೆಯಲ್ಲಿ ಉಮಾ ಮತ್ತು ಅವಳ ಅಪ್ಪ ಅಮರೇಶ ಬಾಡಿಗೆಗಿದ್ದರು. ಅಪ್ಪ ಬೈಕಿನಲ್ಲಿ ಊಟದ ಡೆಲಿವರಿ ಮಾಡುತ್ತಿದ್ದ. ಶಾಲೆ ಬಿಟ್ಟ ಮೇಲೆ ಅವನು ಬರುವ ತನಕ ಉಮಾ ಅಂಗಡಿಯಲ್ಲೇ ಇರುತ್ತಿದ್ದಳು.

ಅಮ್ಮ ಹನುಮವ್ವ ಹೆರಿಗೆಗೆಂದು ಸಿಂಧನೂರಿನ ತವರಿಗೆ ಹೋಗಿದ್ದಳು. ಹೋದದ್ದು ಬೇಸಿಗೆ ರಜೆಯಲ್ಲಿ. ಆಗ ಹೊಟ್ಟೆ ಅಷ್ಟೇನೂ ಕಾಣುತ್ತಿರಲಿಲ್ಲ. ಈಗ ಅಂಗಡಿಯ ತುಂಬ ಗಣಪತಿ ಹಬ್ಬದ ಬ್ಯಾನರುಗಳು.

ಅಮ್ಮ ರೊಟ್ಟಿ ಬಡಿಯುವಾಗ ಒಂದು ಕಾಲನ್ನು ಮಡಚಿ, ಇನ್ನೊಂದು ಮೊಣಕಾಲನ್ನು ಎತ್ತಿ ಕೂರುತ್ತಿದ್ದಳು. ಎತ್ತಿದ ಕಾಲಿಗೂ ಹೊಟ್ಟೆಗೂ ನಡುವೆ ಸ್ವಲ್ಪ ಜಾಗ ಇರುತ್ತಿತ್ತು. ಉಮಾ ಅಲ್ಲಿಗೆ ತಲೆ ತೂರಿಸುತ್ತಿದ್ದಳು. "ಆಚಿ ಸರೀಯೇ, ಹಿಟ್ಟು ಹತ್ತತೈತಿ," ಎಂದು ಅಮ್ಮ ಬೈಯುತ್ತಿದ್ದಳು. ಆದರೆ ತಳ್ಳುತ್ತಿರಲಿಲ್ಲ.

ಉಮಾ ಬರೆಯುತ್ತಿದ್ದ ಚಿತ್ರ ಅದೇ. ಆ ಜಾಗದಲ್ಲಿ ಎರಡು ಜಡೆಯ ಪುಟ್ಟ ಹುಡುಗಿಯನ್ನೂ ಕೂರಿಸಿದ್ದಳು.

ಶನಿವಾರ ಅಪ್ಪ ಊರಿಗೆ ಹೋಗುವವನಿದ್ದ. ಉಮಾಳಿಗೆ ಪರೀಕ್ಷೆ. ಅವಳು ಬಿಂದು ಅಕ್ಕನ ಮನೆಯಲ್ಲಿ ಉಳಿಯಬೇಕು. ಚಿತ್ರವನ್ನಾದರೂ ಅಪ್ಪನ ಜೊತೆ ಕಳಿಸಬೇಕು. ಅದನ್ನು ನೋಡಿ ಅಮ್ಮನಿಗೆ ಬೆಂಗಳೂರಿಗೆ ಬಂದುಬಿಡೋಣ ಅನ್ನಿಸಬೇಕು.

ಅಂದು ಸಂಜೆ ಅಪ್ಪ ಬಂದವನೇ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದ. ಎಂದಿನಂತೆ ಅಮ್ಮನ ಮುಖ ಮಾತ್ರ ಕಂಡಿತು.

"ಉಂಡೀಯೇನವ್ವಾ?"

"ಹೂಂ. ಅಮ್ಮಾ, ರೊಟ್ಟಿ ಬಡಿಯಾಕ ಕುಂದರ್ತೀಯಲ್ಲ, ಹಂಗ ಕುಂತು ತೋರ್ಸು."

"ಯಾಕ?"

"ಸುಮ್ನ. ಕೈ ಎಲ್ಲಿ ಬರತೈತಿ ನೋಡಬೇಕು."

ಅಮ್ಮ ನಕ್ಕಳು. ಫೋನು ಓಲಾಡಿತು. ಅವಳು ಅದನ್ನು ಎಲ್ಲೋ ಒರಗಿಸಿಟ್ಟು ಹಿಂದಕ್ಕೆ ಸರಿದಳು. ಕುರ್ಚಿಯಲ್ಲಿ ಕೂತ ಅಮ್ಮ ಪೂರ್ತಿ ಕಂಡಳು.

"ಹೊಟ್ಟಿ ನೋಡಿಲ್ಲಿ. ಮೊಣಕಾಲ ಎತ್ತಾಕ ಬರಂಗಿಲ್ಲ ಈಗ. ರೊಟ್ಟಿ ನಿಮ್ಮಜ್ಜಿ ಬಡೀತಾಳ. ನಾ ಕುಂತು ತಿನ್ನೂದಷ್ಟ."

ಉಮಾ ಫೋನನ್ನು ಅಪ್ಪನ ಕೈಗೆ ಕೊಟ್ಟಳು.

"ಯಾಕ, ಮಾತು ಸಾಕಾತೇನು?" ಎಂದ ಅಪ್ಪ.

"ಹೋಂವರ್ಕ್ ಐತಿ."

ಅವಳು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತಳು. ಮನೆಗಳ ಆಚೆ ಮೆಟ್ರೋ ಸಾಗಿಹೋಯಿತು. ತನ್ನ ಮೊಣಕಾಲನ್ನು ಎತ್ತಿ ಎದೆಗೆ ಒತ್ತಿಕೊಂಡಳು. ಅಮ್ಮ ಬಂದ ಮೇಲೆ ತಲೆ ತೂರಿಸಬೇಕು ಅಂದುಕೊಂಡಿದ್ದ ಜಾಗದಲ್ಲಿ ಈಗ ಬೇರೆ ಯಾರೋ ಇದ್ದರು. ಅವಳಿಗೆ ಅಳು ಬಂತು. ಒಳಗೆ ಅಪ್ಪ ಮಾತಾಡುತ್ತಲೇ ಇದ್ದ.

ಮರುದಿನ ಬಿಂದು ಅಕ್ಕ ಚಿತ್ರವನ್ನು ತೆರೆದಳು.

"ಸೂಪರಾಗಿ ಬಂದಿದೆ ಕಣೇ. ಪ್ರಿಂಟ್ ಕೊಡ್ಲಾ?"

"ಬೇಡ ಅಕ್ಕಾ. ಇದು ತಪ್ಪು."

"ಎಲ್ಲಿ ತಪ್ಪು? ಎಷ್ಟು ಚೆನ್ನಾಗಿದೆ."

"ಅಮ್ಮ ಈಗ ಹಿಂಗಿಲ್ಲ."

ಬಿಂದು ಅಕ್ಕ ಅವಳ ಮುಖ ನೋಡಿದಳು. ಎದ್ದು ಕುರ್ಚಿ ಬಿಟ್ಟುಕೊಟ್ಟಳು.

ಉಮಾ ಮೊದಲು ಪುಟ್ಟ ಹುಡುಗಿಯನ್ನು ಹಿಡಿದು ಆಚೆಗೆ ಎಳೆದಳು. ಹುಡುಗಿ ಖಾಲಿ ಜಾಗದಲ್ಲಿ ಒಬ್ಬಳೇ ಉಳಿದಳು. ಉಮಾಳಿಗೆ ಅದನ್ನು ನೋಡಲು ಆಗಲಿಲ್ಲ. ಬೇಗ ಬೇಗ ಕೆಲಸಕ್ಕೆ ಇಳಿದಳು. ಎತ್ತಿದ ಮೊಣಕಾಲಿನ ಚುಕ್ಕೆಗಳನ್ನು ಕೆಳಗಿಳಿಸಿದಳು. ಅಮ್ಮನ ಕೆಳಗೆ ಒಂದು ಕುರ್ಚಿ ಬರೆದಳು. ಆಮೇಲೆ ಹೊಟ್ಟೆಯ ಗೆರೆಯನ್ನು ಹಿಡಿದು ಎಳೆಯತೊಡಗಿದಳು. ಗೆರೆ ಉಬ್ಬಿತು. ಇನ್ನೂ ಉಬ್ಬಿತು. ಎಲ್ಲಿಯೂ ಮೂಲೆಯಿಲ್ಲದೆ, ನೀರು ತುಂಬಿದ ಬಲೂನಿನಂತೆ ದುಂಡಗಾಯಿತು. ಅವಳು ಪರದೆಯ ಮೇಲೆ ಅಲ್ಲಿ ಬೆರಳಿಟ್ಟಳು.

"ಒಳಗೆ ಕತ್ತಲೆ ಇರುತ್ತಾ ಅಕ್ಕಾ?"

"ಇರಬಹುದು. ಆದ್ರೆ ಬೆಚ್ಚಗಿರುತ್ತೆ."

ಉಮಾ ಬೆರಳು ತೆಗೆದು ಮತ್ತೆ ಮೌಸ್ ಹಿಡಿದಳು.

"ಈ ಹುಡುಗೀನ ಎಲ್ಲಿ ಹಾಕ್ತೀಯ?" ಎಂದಳು ಬಿಂದು ಅಕ್ಕ.

ಉಮಾ ಹುಡುಗಿಯನ್ನು ಅಮ್ಮನ ಮುಂದೆ ತಂದಳು. ಹೊಟ್ಟೆ ಅಡ್ಡ ಬಂತು. ಕಾಲ ಬಳಿ ಇಟ್ಟಳು. ಅಲ್ಲಿಂದ ಅಮ್ಮನ ಮುಖ ತುಂಬ ದೂರ. ಕೊನೆಗೆ ಹುಡುಗಿಯನ್ನು ಎಳೆದು ಕುರ್ಚಿಯ ಹಿಂದಕ್ಕೆ ತಂದಳು. ಹುಡುಗಿಯ ಗಲ್ಲ ಸರಿಯಾಗಿ ಅಮ್ಮನ ಭುಜಕ್ಕೆ ಬಂತು. ಅಲ್ಲಿ ಯಾರೂ ಇರಲಿಲ್ಲ. ಜಾಗ ಬೇಕಾದಷ್ಟಿತ್ತು.

ಹುಡುಗಿಗೆ ಹೊಸ ಕೈ ಬರೆದಳು. ಆ ಕೈ ಅಮ್ಮನ ಕತ್ತನ್ನು ಬಳಸಿ ಮುಂದಕ್ಕೆ ಬಂತು. ಅಪ್ಪನ ಬೈಕು ಹೊರಗೆ ನಿಂತ ಸದ್ದಾಯಿತು.

"ಮೊಣಕೈ ತುಂಬ ಚೂಪಾಯ್ತು, ರೌಂಡ್ ಮಾಡ್ಕೊಡ್ಲಾ?" ಎಂದು ಬಿಂದು ಅಕ್ಕ ಮೌಸಿಗೆ ಕೈ ಹಾಕಿದಳು.

"ಬೇಡ ಅಕ್ಕಾ, ಇರ್ಲಿ," ಎಂದಳು ಉಮಾ. "ಗಟ್ಟಿಯಾಗಿ ಹಿಡ್ಕೊಂಡಾಗ ಕೈ ಹಿಂಗೇ ಆಗೋದು."